ಮೇಷ್ಟ್ರ ಕಟ್ಟೆ: 38 ಮಕ್ಕಳ ಹೈಸ್ಕೂಲಿಗೆ ಮಗನನ್ನು ಸೇರಿಸಬಹುದಾ?

ಪ್ರಶ್ನೆ: ಮೇಷ್ಟ್ರೇ, ನಮ್ಮೂರಿಂದ ನಾಲ್ಕು ಕಿಲೋಮೀಟರ್ ಆಚೆ ಒಂದು ತೋಟದಲ್ಲಿ ಗಂಡ ಹೆಂಡತಿ ಸೇರಿ ಸಣ್ಣ ಹೈಸ್ಕೂಲು ನಡೆಸುತ್ತಿದ್ದಾರೆ. ಎಲ್ಲಾ ಸೇರಿ 38 ಮಕ್ಕಳು. ಯೂನಿಫಾರಂ ಇಲ್ಲ, ತಿಂಗಳ ಟೆಸ್ಟ್ ಇಲ್ಲ. ಮಕ್ಕಳು ಬಡಗಿ ಕೆಲಸ ಕಲಿಯುತ್ತಾರೆ, ತರಕಾರಿ ಬೆಳೆಯುತ್ತಾರೆ. ನನ್ನ ಮಗ ಈಗ ಎಂಟನೇ ಕ್ಲಾಸು. ಅಲ್ಲಿಗೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಮ್ಮಣ್ಣ ನೋಡಿದರೆ 'ಹುಡುಗನ ಬಾಳು ಹಾಳು ಮಾಡಬೇಡ' ಅಂತಾನೆ. ಏನು ಮಾಡಲಿ?
– ಒಬ್ಬ ರೈತ, ಹೊಸದುರ್ಗ ತಾಲ್ಲೂಕು

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಪೂರ್ತಿ ನ್ಯಾಯಸ್ಥನಲ್ಲ. ಹನ್ನೊಂದು ವರ್ಷ ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು, ಆಮೇಲೆ ಹದಿನಾಲ್ಕು ವರ್ಷ ಇಂಥದ್ದೇ ಒಂದು ಸಣ್ಣ ಶಾಲೆಯಲ್ಲಿದ್ದೆ. ನಿಮ್ಮ ಮಗನ ಹಟವೂ ನನಗೆ ಅರ್ಥವಾಗುತ್ತದೆ, ನಿಮ್ಮಣ್ಣನ ಭಯವೂ ಅರ್ಥವಾಗುತ್ತದೆ.

ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ದಿನಾ ಅರ್ಧ ಗಂಟೆ ತಡ. ಮೊದಲಿದ್ದ ಸ್ಕೂಲಿನಲ್ಲಿ ಅದಕ್ಕೆ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರಂತೆ. ನಮ್ಮಲ್ಲಿ ಇದ್ದದ್ದೇ ನಲವತ್ತೊಂದು ಮಕ್ಕಳು. ಒಬ್ಬರು ಇಲ್ಲದಿದ್ದರೂ ಚಾಪೆಯ ಮೇಲೆ ಜಾಗ ಖಾಲಿ ಕಾಣುತ್ತಿತ್ತು. 'ಯಾಕಮ್ಮ ತಡ?' ಅಂತ ಕೇಳಿದೆ. ಅಪ್ಪನಿಗೆ ಸೊಂಟ ಹಿಡಿದಿದೆ, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ ಬರ್ತೀನಿ ಅಂದಳು. 'ಸರಿ, ನಾಳೆ ಡೈರಿ ಚೀಟಿ ತಗೊಂಡು ಬಾ' ಅಂದೆ.

ಆ ಚೀಟಿ ನಮಗೆ ಎರಡು ದಿನದ ಪಾಠವಾಯಿತು. ಡೈರಿಯಲ್ಲಿ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) 8.5 ಬರಬೇಕು, ಕಡಿಮೆಯಾದರೆ ರೇಟು ಇಳಿಯುತ್ತದೆ. ನಿಮಗೆ ಇದನ್ನು ಹೇಳಬೇಕಾಗಿಲ್ಲ. ಅವಳ ಮನೆಯಲ್ಲಿ ಒಂದು ಹಸುವಿನ ಹಾಲು 6 ಲೀಟರ್, ಫ್ಯಾಟ್ 4. ಇನ್ನೊಂದರದು 9 ಲೀಟರ್, ಫ್ಯಾಟ್ 3.2. ಒಂದೇ ಕ್ಯಾನಿಗೆ ಬೆರೆಸಿದರೆ ಎಷ್ಟು ಬರುತ್ತೆ ಅಂತ ಬೋರ್ಡಿನ ಮೇಲೆ ಬರೆದೆ. ಇಡೀ ಕ್ಲಾಸು '3.6 ಸಾರ್' ಅಂತ ಕೂಗಿತು. ಅವಳು ಮಾತ್ರ ತಲೆ ಅಲ್ಲಾಡಿಸಿದಳು. 'ಅಷ್ಟು ಬರಲ್ಲ ಸಾರ್. ಜಾಸ್ತಿ ಕೊಡೋ ಹಸುದೇ ತೆಳು ಹಾಲು.' ಕೂತು ಲೆಕ್ಕ ಹಾಕಿದರೆ 3.52 ಬಂತು. ಅಂಚಿನ ಮೇಲೆ ಪಾಸು. ನಾನು ಇಪ್ಪತ್ತು ವರ್ಷ ಸರಾಸರಿ ಪಾಠ ಮಾಡಿದ್ದೇನೆ, ಅದನ್ನು ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಇನ್ನು ನಿಮ್ಮಣ್ಣನ ಮಾತಿಗೆ ಬರೋಣ. ಅದೇ ಹುಡುಗಿ ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲಾದಳು. ತಪ್ಪು ಅವಳದಲ್ಲ, ನನ್ನದು. ಥೇಲ್ಸ್ ಪ್ರಮೇಯ (ತ್ರಿಭುಜದ ಬಾಹುಗಳ ಅನುಪಾತದ್ದು) ಅವಳಿಗೆ ಗೊತ್ತಿತ್ತು, ಹೊಲದ ಬದುವಿನ ಮೇಲೆ ಕಡ್ಡಿ ನೆಟ್ಟು ತೋರಿಸಿದ್ದಳು. ಆದರೆ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಸಾಲಾಗಿ, ಗಡಿಯಾರ ನೋಡಿಕೊಂಡು ಬರೆಯುವುದನ್ನು ನಾವು ಒಂದು ಸಲವೂ ಮಾಡಿಸಿರಲಿಲ್ಲ. ಅರ್ಥವಾದರೆ ಸಾಕು, ಬರೆಯೋದು ತಾನಾಗೇ ಬರುತ್ತೆ ಅನ್ನೋ ಜಂಬ ನಮಗೆ. ಅವಳ ತಾಯಿ ಬಂದು ಜಗಲಿ ಮೇಲೆ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. 'ನೀವು ಓದಿದೋರು, ನಮಗೇನು ಗೊತ್ತಾಗುತ್ತೆ' ಅಂದು, ಕೊಟ್ಟ ಕಾಫಿ ಕುಡಿಯದೆ ಎದ್ದು ಹೋದರು. ಹುಡುಗಿ ಜೂನ್ ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಅಲ್ಲಿಂದ ಮುಂದೆ ಪ್ರತಿ ನವೆಂಬರ್‌ನಿಂದ ಶನಿವಾರಗಳೆಲ್ಲ ಮೂರು ಗಂಟೆ ಪೇಪರ್ ಬರೆಸುವುದು ನಮ್ಮಲ್ಲಿ ಕಾಯಂ ಆಯಿತು.

ಆದ್ದರಿಂದ ನೀವು ಆ ತೋಟಕ್ಕೆ ಹೋಗಿ. ಮಕ್ಕಳ ಬಡಗಿ ಕೆಲಸ ನೋಡಿ ಸಂತೋಷಪಡಿ. ಆಮೇಲೆ ಕೂತು ನೇರವಾಗಿ ಕೇಳಿ: ಹತ್ತನೇ ಕ್ಲಾಸಿಗೆ ನಮ್ಮ ಹುಡುಗ ಯಾವ ಪರೀಕ್ಷೆ ಬರೆಯುತ್ತಾನೆ? ಶಾಲೆಗೆ ಮಾನ್ಯತೆ ಇದ್ದರೆ ಸರ್ಕಾರ ಕೊಟ್ಟ 11 ಅಂಕಿಯ ಗುರುತಿನ ನಂಬರು, ಅಂದರೆ ಡೈಸ್ ಕೋಡ್ ಇರುತ್ತದೆ, ತೋರಿಸಿ ಅನ್ನಿ. ಆಗ ಅವನು ರಾಜ್ಯ ಬೋರ್ಡಿನ ಎಸ್‌ಎಸ್‌ಎಲ್‌ಸಿಯನ್ನೇ ಬರೆಯಬಹುದು. ಮಾನ್ಯತೆ ಇಲ್ಲದಿದ್ದರೆ ಹೆಚ್ಚಾಗಿ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆಯಿಂದ ಬರೆಸುತ್ತಾರೆ. 1989ರಲ್ಲಿ ಶುರುವಾದ ಬೋರ್ಡ್ ಅದು. ಸುಳ್ಳು ಸರ್ಟಿಫಿಕೇಟ್ ಅಲ್ಲ, ಪಿಯುಸಿಗೆ ನಡೆಯುತ್ತದೆ. 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ಅಲ್ಲಿ ಗಣಿತ ಬಿಟ್ಟು ಬೇರೆ ವಿಷಯ ತಗೊಳ್ಳುವ ಅವಕಾಶವೂ ಇದೆ. ಮಕ್ಕಳಿಗೆ ಇದು ಹಬ್ಬದ ಸುದ್ದಿ. ಆದರೆ ಮುಂದೆ ಪಿಯುಸಿ ಸೈನ್ಸ್ ಆಸೆ ಇದ್ದರೆ ಗಣಿತ, ವಿಜ್ಞಾನ ಎರಡನ್ನೂ ಬಿಡಬಾರದು.

ಇನ್ನೊಂದು ಸಂಗತಿ ಇದೆ, ಇದನ್ನು ಇಂಥ ಶಾಲೆಯವರು ತಾವಾಗಿ ಹೇಳುವುದು ಕಡಿಮೆ. ಅವರಿಗೇ ಹೊಳೆದಿರುವುದಿಲ್ಲ. ಸಿಇಟಿಯಲ್ಲಿ, ಅಂದರೆ ಪಿಯುಸಿ ಆದಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸಿನ ಸೀಟಿಗೆ ಬರೆಯುವ ಪರೀಕ್ಷೆಯಲ್ಲಿ, ಗ್ರಾಮೀಣ ಅಭ್ಯರ್ಥಿಗಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಮೀಸಲಾತಿ ಇದೆ. ಅದಕ್ಕೆ ಒಂದರಿಂದ ಹತ್ತರವರೆಗೆ, ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲು ಸಹಿ ಬೀಳಬೇಕು. ನಿಮ್ಮ ಮಗ ಎಂಟು ವರ್ಷ ಹಳ್ಳಿ ಶಾಲೆಯಲ್ಲಿ ಓದಿ, ಒಂಬತ್ತು ಮತ್ತು ಹತ್ತಕ್ಕೆ ಸರ್ಕಾರದ ಲೆಕ್ಕದಲ್ಲಿಲ್ಲದ ಶಾಲೆಗೆ ಸೇರಿದರೆ ಆ ಎಂಟು ವರ್ಷವೂ ಕೈಬಿಟ್ಟು ಹೋಗಬಹುದು. ಹಾಗಾಗಿ ಟಿಸಿ ತೆಗೆಸುವ ಮೊದಲೇ ಬಿಇಒ ಆಫೀಸಿಗೆ ಒಂದು ಸಲ ಹೋಗಿ ಬನ್ನಿ.

ಇಷ್ಟಕ್ಕೆಲ್ಲ ಅವರು ಮುಖ ಸಿಂಡರಿಸದೆ ಉತ್ತರ ಕೊಟ್ಟರೆ ಸೇರಿಸಿ. 'ಮಾರ್ಕ್ಸ್ ಮುಖ್ಯ ಅಲ್ಲ ಸಾರ್' ಅಂತ ಭಾಷಣಕ್ಕೆ ಇಳಿದರೆ ಸುಮ್ನೆ ಕೈ ಮುಗಿದು ಎದ್ದು ಬನ್ನಿ. ಸರ್ಕಾರಿ ಹೈಸ್ಕೂಲಿನಲ್ಲಿ ಬಿಸಿಯೂಟ ಇದೆ, ಹಾಲಿದೆ, ಪುಸ್ತಕ ಫ್ರೀ, ಬಿಎಡ್ ಮಾಡಿದ ಮೇಷ್ಟ್ರಿದ್ದಾರೆ. ಅದೇನು ಕೆಟ್ಟ ಜಾಗವಲ್ಲ.

ಪ್ರಶ್ನೆ: ಇದೆಲ್ಲ ಫಾರಿನ್ ಶೋಕಿ ಅಲ್ವಾ ಸಾರ್? ಬೆಂಗಳೂರಿನ ಸಾಫ್ಟ್‌ವೇರ್ ಜನ ಹಳ್ಳಿಗೆ ಬಂದು ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ.
– ಗ್ರಾಮ ಪಂಚಾಯ್ತಿ ಮಾಜಿ ಸದಸ್ಯರು, ತಿಪಟೂರು

ಉತ್ತರ: ಪ್ರಯೋಗದ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ಅರ್ಥವಿದೆ. ಶೋಕಿ ವಿಷಯದಲ್ಲಿ ಇಲ್ಲ. ಟ್ಯಾಗೋರರು ಬಡ ಹಳ್ಳಿ ಮಕ್ಕಳಿಗಾಗಿ ಶಿಕ್ಷಾ ಸತ್ರ ತೆರೆದದ್ದು 1924ರಲ್ಲಿ. ಗಾಂಧೀಜಿ ವಾರ್ಧಾದಲ್ಲಿ ಕಸುಬಿನ ಮೂಲಕ ಪಾಠ ಅಂದದ್ದು 1937ರಲ್ಲಿ. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಬೇರೆ ಥರ ಕಲಿಸಲು ಹೊರಟಾಗ ಸಾಫ್ಟ್‌ವೇರ್ ಅನ್ನೋ ಪದವೇ ಹುಟ್ಟಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಮಕ್ಕಳಿಗಾಗಿ ಡಾ. ಸುದರ್ಶನ್ ಶಾಲೆ ಕಟ್ಟಿದರು.

ನನಗೆ ಬಹಳ ಇಷ್ಟವಾದದ್ದು ಪುಣೆ ಜಿಲ್ಲೆಯ ಪಾಬಳ. ಹಿಂದೂಸ್ಥಾನ್ ಲಿವರ್‌ನಲ್ಲಿ ವಿಜ್ಞಾನಿಯಾಗಿದ್ದ ಡಾ. ಶ್ರೀನಾಥ ಕಲಬಾಗ್ 1983ರಲ್ಲಿ ಅಲ್ಲಿಗೆ ಹೋಗಿ ವಿಜ್ಞಾನ ಆಶ್ರಮ ಶುರು ಮಾಡಿದರು. ಅವರು ಹೈಸ್ಕೂಲು ಮುಚ್ಚಿ ಅನ್ನಲಿಲ್ಲ. ಊರಿನ ಹೈಸ್ಕೂಲಿನಲ್ಲೇ ವಾರಕ್ಕೆ ಒಂದು ದಿನ ಕೊಡಿ ಅಂದರು. ಆ ದಿನ ಮಕ್ಕಳು ವೆಲ್ಡಿಂಗ್, ಕರೆಂಟಿನ ಕೆಲಸ, ಬೇಸಾಯ, ಅಡುಗೆ-ಆರೋಗ್ಯ ಕಲಿಯುತ್ತಿದ್ದರು. ಉಳಿದ ದಿನ ಎಂದಿನ ಪಾಠ. ಈ ಹಂಚಿಕೆ ನಮಗೆ ಮೊದಲೇ ಗೊತ್ತಿದ್ದರೆ ಆ ತಾಯಿ ಕಾಫಿ ಬಿಟ್ಟು ಹೋಗುತ್ತಿರಲಿಲ್ಲವೇನೋ.

ಪ್ರಶ್ನೆ: ನಾನು ಇಂಥ ಶಾಲೆಯೊಂದರಲ್ಲಿ ಟೀಚರ್. ಒಂಬತ್ತು, ಹತ್ತು ಎರಡೂ ಕ್ಲಾಸು ಒಂದೇ ಕೋಣೆಯಲ್ಲಿ. ಯಾರಿಗೆ ಪಾಠ ಮಾಡಲಿ?
– ಒಬ್ಬ ಶಿಕ್ಷಕಿ, ಸಿರಸಿ ಕಡೆಯವರು

ಉತ್ತರ: ವಿಜ್ಞಾನ, ಸಮಾಜ ಇಬ್ಬರಿಗೂ ಒಟ್ಟಿಗೆ ಮಾಡಿ, ಬರೆಯುವ ಕೆಲಸ ಮಾತ್ರ ಬೇರೆ ಕೊಡಿ. ಗಣಿತ, ಇಂಗ್ಲಿಷ್ ಯಾವತ್ತೂ ಒಟ್ಟಿಗೆ ಬೇಡ. ಒಂದು ಗುಂಪನ್ನು ತೋಟಕ್ಕೆ ಕಳಿಸಿ ಇನ್ನೊಂದಕ್ಕೆ ಪಾಠ ಮಾಡಿ. ಹಾಜರಿಯ ಜೊತೆ ಇನ್ನೊಂದು ನೋಟ್‌ಬುಕ್ ಇಡಿ. ಯಾರಿಗೆ ಯಾವುದು ಬರಲಿಲ್ಲ ಅಂತ ದಿನಕ್ಕೆ ನಾಲ್ಕೇ ಸಾಲು ಬರೆಯಿರಿ. ನೀವು ರಜೆ ಹಾಕಿದ ದಿನ ಬೇರೆಯವರಿಗೆ ಅದೇ ದಾರಿ.

ಪ್ರಶ್ನೆ: ಸಾರ್, ನನಗೆ 18 ವರ್ಷ. ಒಂಬತ್ತಕ್ಕೆ ಶಾಲೆ ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗ್ತಿದ್ದೀನಿ. ವಾರಕ್ಕೆ ಒಂದೇ ದಿನ ರಜೆ. ಹತ್ತನೇ ಕ್ಲಾಸು ಬರೆಯೋಕೆ ಆಗುತ್ತಾ? ನಮ್ಮೂರ ಹತ್ತಿರ ಭಾನುವಾರ ಪಾಠ ಹೇಳೋ ಸಣ್ಣ ಶಾಲೆ ಇದೆ.
– ಮದ್ದೂರು ಕಡೆಯ ಒಬ್ಬ ಹುಡುಗಿ

ಉತ್ತರ: ಆಗುತ್ತೆ ತಾಯಿ. ಎನ್‌ಐಒಎಸ್‌ನಲ್ಲಿ ವಯಸ್ಸು ಜಾಸ್ತಿ ಆಯ್ತು ಅನ್ನೋ ಮಾತಿಲ್ಲ. ಒಂದೇ ಸಲ ಐದೂ ಪೇಪರ್ ಬರೆಯಬೇಕಾಗಿಲ್ಲ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಒಂದು ಸಲ ಪರೀಕ್ಷೆ ಇರುತ್ತೆ. ಹೆಸರು ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯ ಹಾಗೇ ಜಮಾ ಇರುತ್ತೆ, ಪಾಸಾಗೋಕೆ 33 ಸಾಕು. ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟಿಗೆ 20 ಪರ್ಸೆಂಟ್ ಇದೆ, ಅದನ್ನು ಮಾತ್ರ ಬಿಡಬೇಡ. ಮೊದಲ ಸಲಕ್ಕೆ ಕನ್ನಡ ಮತ್ತು ನಿನಗೆ ಸಲೀಸಾದ ಇನ್ನೊಂದು ವಿಷಯ, ಎರಡೇ ತಗೋ.

ಭಾನುವಾರದ ಶಾಲೆಗೆ ಹೋಗು. ಪಾಠಕ್ಕಿಂತ ಮೊದಲು ಅವರ ಕೈಯಲ್ಲಿ ಅರ್ಜಿ ತುಂಬಿಸು. ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲೂ ಹಳೇ ಟಿಸಿಯಲ್ಲೂ ಒಂದೇ ಥರ ಇದೆಯಾ ಅಂತ ಇವತ್ತೇ ನೋಡು. ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸು, ಅದಕ್ಕೇ ನಿನ್ನ ಎರಡು ಮೂರು ರಜೆ ಹೋಗುತ್ತೆ.