ಡೈಪೋಲ್ ಕಾಯಿಲ್ ಎಲ್ಲಿ ಸುತ್ತಬೇಕು: ನಿಮ್ಮ ಪ್ರಶ್ನೆಗೆ

ದಾವಣಗೆರೆಯ 30x40 ಸೈಟಿನ ತಾರಸಿ ಮೇಲೆ ಹ್ಯಾಮ್ ರೇಡಿಯೋದ 40 ಮೀಟರ್ ಬ್ಯಾಂಡಿಗೆ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತೋಳಿನ ತಂತಿ ಆಂಟೆನಾ) ಕಟ್ಟಬೇಕು, ಜಾಗ ಸಾಲದೆ ತೋಳು ಗಿಡ್ಡ ಮಾಡಲು ಹಾಕುವ ಕಾಯಿಲನ್ನು ಕೇಬಲ್ ಹತ್ತಿರ ಸುತ್ತಲಾ ತುದಿಯಲ್ಲಾ ಅಂತ ಕೇಳಿದ್ದೀರಿ. ಎರಡೂ ಬೇಡ ಸರ್. ಪ್ರತಿ ತೋಳಿನ ನಡುವೆ ಒಂದೊಂದು ಹಾಕಿ. ಕೇಬಲ್ ಹತ್ತಿರ ಕರೆಂಟ್ ಜಾಸ್ತಿ, ಕಾಯಿಲ್ ಅಲ್ಲಿದ್ದರೆ ಪವರ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ತುದಿಗೆ ಹಾಕಿದರೆ ಸುತ್ತು ವಿಪರೀತ ಬೇಕು.

ಆದ್ರೆ ಮೊದಲು ಮೂಲೆಯಿಂದ ಮೂಲೆಗೆ ಅಳೆಯಿರಿ. 30x40 ಸೈಟಿಗೆ ಅದು 50 ಅಡಿ, ತಾರಸಿ ಸ್ವಲ್ಪ ಕಮ್ಮಿ ಇರಬಹುದು. ಪೂರ್ತಿ ಡೈಪೋಲಿಗೆ ಸುಮಾರು 66 ಅಡಿ. ಕೊರತೆ ಅಷ್ಟೇ ಅಲ್ವಾ? ತುದಿಗಳನ್ನು ಯಾರ ಕೈಗೂ ಸಿಗದ ಹಾಗೆ ಕೆಳಗೆ ಇಳಿಬಿಟ್ಟರೆ ಕಾಯಿಲೇ ಬೇಡ, ನಾನಾದ್ರೆ ಹಾಗೇ ಮಾಡ್ತೀನಿ. ಟ್ರಾನ್ಸ್‌ಮಿಟ್ ಮಾಡುವಾಗ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಮಕ್ಕಳಿದ್ದರೆ ಹುಷಾರು.

ಕಾಯಿಲೇ ಬೇಕು ಅಂದ್ರೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ದಪ್ಪ ಎನಾಮಲ್ ತಂತಿ ಕೇಳಿ, ಪಿವಿಸಿ ಪೈಪಿನ ಮೇಲೆ ಸುತ್ತಿ. ಪೈಪಿನ ಎರಡೂ ತುದಿಗೆ ತೂತು ಕೊರೆದು ಆಂಟೆನಾ ತಂತಿಯನ್ನು ಅಲ್ಲೇ ಗಂಟು ಹಾಕಿ, ಎಳೆತ ಪೈಪಿನ ಮೇಲೆ ಬೀಳಬೇಕೇ ಹೊರತು ಸುತ್ತಿನ ಮೇಲಲ್ಲ. ಟ್ಯೂನ್ ಮಾಡುವಾಗ ಸುತ್ತು ಬಿಚ್ಚಬೇಡಿ, ತುದಿಯ ತಂತಿಯನ್ನು ಎರಡೂ ಕಡೆ ಸಮನಾಗಿ ಚೂರು ಚೂರೇ ಕತ್ತರಿಸಿ.

ಬ್ಯಾಂಡಿನ ಒಂದು ತುದಿಯಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ) ಏರಿದರೆ ಗಾಬರಿ ಬೇಡ. ಗಿಡ್ಡ ಆಂಟೆನಾದ ಗುಣವೇ ಅದು.