ಹೆಸರೂ ಸರಿಯಾಗಿ ತಿಳಿಯದ ಸೈನಿಕ ಅಜ್ಜನ ಹುಡುಕಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆಯ ನಂತರ ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ನನ್ನ ಅತ್ತೆ 1945ರ ಫೆಬ್ರುವರಿ ಎರಡನೆಯ ವಾರದಲ್ಲಿ, ಸಫೋಕ್ ಪ್ರಾಂತ್ಯದ ಲ್ಯಾವನಮ್ ಬಳಿಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಅವರ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿದೆ. ತಂದೆ ಅಮೆರಿಕದ ಸೈನಿಕ, ವಿಮಾನಗಳ ಮೆಕ್ಯಾನಿಕ್, ಹೆಸರು ಜೋ ಎಂಬುದನ್ನಷ್ಟೇ ಅವರ ತಾಯಿ ತಿಳಿಸಿದ್ದರು. ಆ ತಾಯಿ ಈಗಿಲ್ಲ. ಸಮವಸ್ತ್ರದಲ್ಲಿರುವ ಒಂದು ಫೋಟೋ ಉಳಿದಿದೆ. ನನ್ನ ಪತಿ ಮಾಡಿಸಿದ ಡಿಎನ್‌ಎ ಪರೀಕ್ಷೆಯಲ್ಲಿ, ಪರಿಚಯವೇ ಇಲ್ಲದ ಅಮೆರಿಕನ್ ಮಹಿಳೆಯೊಬ್ಬರೊಂದಿಗೆ 228 ಸೆಂಟಿಮಾರ್ಗನ್ (ಇಬ್ಬರು ಹಂಚಿಕೊಂಡ ಡಿಎನ್‌ಎಯ ಅಳತೆ) ಹೊಂದಾಣಿಕೆ ಕಂಡುಬಂದಿದೆ. ಮುಂದೇನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಅತ್ತೆಯವರ ಡಿಎನ್‌ಎ ಪರೀಕ್ಷೆ ಮಾಡಿಸಿ. ದಾಖಲೆಗಳು ಇನ್ನೂ ಹಲವು ವರ್ಷ ಕಾಯಬಲ್ಲವು, ಎಂಬತ್ತು ದಾಟಿದವರ ವಿಷಯದಲ್ಲಿ ಹಾಗೆ ಹೇಳಲಾಗದು. ಅವರು ಆ ಸೈನಿಕನಿಗೆ ನಿಮ್ಮ ಪತಿಗಿಂತ ಒಂದು ತಲೆಮಾರು ಹತ್ತಿರದವರಾದುದರಿಂದ ಅವರಲ್ಲಿ ತಂದೆಯ ಪಾಲು ಅರ್ಧದಷ್ಟಿದೆ, ನಿಮ್ಮ ಪತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ. ಒಂದೇ ಕಂಪನಿಯಲ್ಲಿ ನಿಲ್ಲಬೇಡಿ. ಅಮೆರಿಕನ್ನರು ಹೆಚ್ಚಾಗಿರುವ ಆನ್‌ಸೆಸ್ಟ್ರಿಯಲ್ಲಿ ಪರೀಕ್ಷೆ ಮಾಡಿಸಿ, ಬಂದ ಮಾಹಿತಿಯನ್ನು ಹೊರಗಿನ ಫಲಿತಾಂಶಗಳನ್ನು ಸ್ವೀಕರಿಸುವ ಜೆಡ್‌ಮ್ಯಾಚ್‌ನಂತಹ ತಾಣಕ್ಕೂ ಸೇರಿಸಿ. ಸಾಧ್ಯವಿದ್ದರೆ ಅತ್ತೆಯವರ ತಾಯಿಯ ಕಡೆಯ ಸಂಬಂಧಿಯೊಬ್ಬರ ಪರೀಕ್ಷೆಯನ್ನೂ ಮಾಡಿಸಬೇಕು, ಏಕೆಂದರೆ ಆ ವ್ಯಕ್ತಿಗೂ ನಿಮ್ಮ ಅತ್ತೆಗೂ ಸಮಾನವಾಗಿ ಹೊಂದುವವರೆಲ್ಲ ತಾಯಿಯ ಕಡೆಯವರೆಂದು ಬದಿಗಿಟ್ಟು, ಉಳಿದವರಲ್ಲಿ ತಂದೆಯ ಕುಲವನ್ನು ಹುಡುಕಬಹುದು.

228 ಎಂಬ ಅಂಕಿ ಒಳ್ಳೆಯ ಸುಳಿವು. ಒಬ್ಬರಿಗೊಬ್ಬರು ಎರಡನೆಯ ಹಂತದ ಸೋದರ ಸಂಬಂಧಿಗಳಾದವರ, ಎಂದರೆ ಒಡಹುಟ್ಟಿದವರ ಮೊಮ್ಮಕ್ಕಳ, ನಡುವಿನ ಸರಾಸರಿ ಹೊಂದಾಣಿಕೆ ಸುಮಾರು ಇಷ್ಟೇ ಇರುತ್ತದೆ. ಅಂದರೆ ಆ ಮಹಿಳೆ ನಿಮ್ಮ ಸೈನಿಕನ ಅಣ್ಣನ, ತಮ್ಮನ ಅಥವಾ ಸೋದರಿಯ ಮೊಮ್ಮಗಳಾಗಿರಬಹುದು. ಆದರೆ ಇದೊಂದೇ ಸಾಧ್ಯತೆಯಲ್ಲ, ಇಷ್ಟೇ ಅಂಕಿ ಬೇರೆ ಕೆಲವು ಸಂಬಂಧಗಳಲ್ಲಿಯೂ ಬರುತ್ತದೆ. ಆದ್ದರಿಂದ ಅವರೊಬ್ಬರ ಬೆನ್ನು ಹತ್ತುವ ಬದಲು, ಅವರಿಗೂ ನಿಮ್ಮವರಿಗೂ ಸಮಾನವಾಗಿ ಹೊಂದುವವರ ಪಟ್ಟಿಯನ್ನು ತೆಗೆದು, ಅವರನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ವಂಶವೃಕ್ಷವನ್ನು ಹಿಂದಕ್ಕೆ ಕಟ್ಟುತ್ತಾ ಹೋಗಬೇಕು. ಒಂದು ಗುಂಪು ಒಂದು ದಂಪತಿಯಲ್ಲಿ, ಇನ್ನೊಂದು ಗುಂಪು ಮತ್ತೊಂದು ದಂಪತಿಯಲ್ಲಿ ಕೂಡಿಕೊಳ್ಳುತ್ತದೆ. ಆ ಎರಡು ಮನೆತನಗಳ ನಡುವೆ ಎಲ್ಲಿ ಮದುವೆ ನಡೆದಿದೆಯೋ ಅಲ್ಲಿ ನಿಮ್ಮ ಸೈನಿಕನ ತಂದೆ ತಾಯಿ ಸಿಗುತ್ತಾರೆ. ಇದಕ್ಕೆ ಅಮೆರಿಕದ ಜನಗಣತಿಯ ಹಾಳೆಗಳು ದೊಡ್ಡ ಆಸರೆ: 72 ವರ್ಷಗಳ ಗೋಪ್ಯತೆಯ ನಿಯಮದಂತೆ 1940ರ ಗಣತಿ 2012ರಲ್ಲಿಯೂ 1950ರ ಗಣತಿ 2022ರಲ್ಲಿಯೂ ತೆರೆದಿವೆ. ಅಲ್ಲಿನ ಪತ್ರಿಕೆಗಳ ಮರಣವಾರ್ತೆಗಳಲ್ಲಿ ಬದುಕಿರುವ ಮಕ್ಕಳು ಮೊಮ್ಮಕ್ಕಳ ಹೆಸರುಗಳನ್ನು ಕೊಡುವ ಪದ್ಧತಿಯೂ ಇರುವುದರಿಂದ ಮುಂದಿನ ಕೊಂಡಿಗಳು ಅಲ್ಲಿ ದೊರೆಯುತ್ತವೆ.

ಆ ದಂಪತಿಗೆ ನಾಲ್ವರು ಗಂಡುಮಕ್ಕಳಿದ್ದರೆ ಡಿಎನ್‌ಎ ನಿಮ್ಮನ್ನು ಅವರ ಮನೆ ಬಾಗಿಲಿನವರೆಗೆ ತಂದು ಕೈಬಿಡುತ್ತದೆ. ಅವರಲ್ಲಿ ಯಾರು ಎಂಬುದನ್ನು ನಿರ್ಧರಿಸುವುದು ಕಾಲ ಮತ್ತು ಸ್ಥಳ. ಮಗು ಅವಧಿ ತುಂಬಿ ಹುಟ್ಟಿದ್ದರೆ, ಫೆಬ್ರುವರಿ ಎರಡನೆಯ ವಾರದಿಂದ ಸುಮಾರು 266 ದಿನ ಹಿಂದೆ ಹೋದಾಗ 1944ರ ಮೇ ತಿಂಗಳ ನಡುವಿನ ದಿನಗಳು ಸಿಗುತ್ತವೆ. ಎರಡು ಮೂರು ವಾರ ಆಚೀಚೆ ಇಟ್ಟುಕೊಳ್ಳಿ. ಆಗ ಲ್ಯಾವನಮ್ ವಾಯುನೆಲೆಯಲ್ಲಿ ಅಮೆರಿಕದ ಎಂಟನೆಯ ವಾಯುಪಡೆಯ 487ನೇ ಬಾಂಬರ್ ದಳವಿತ್ತು, ಅದು ಬಂದಿದ್ದು ಆ ವರ್ಷದ ವಸಂತದಲ್ಲಷ್ಟೇ. ಬರಿ ಸೇಂಟ್ ಎಡ್ಮಂಡ್ಸ್ ಬಳಿಯ ರೌಗಮ್‌ನಲ್ಲಿ 94ನೇ ದಳ 1943ರಿಂದಲೇ ಇತ್ತು. ಅವರು ಮೆಕ್ಯಾನಿಕ್ ಆಗಿದ್ದರೆಂಬ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಮಾನದಲ್ಲಿ ಹಾರುತ್ತಿದ್ದವರು ಮೊದಲು 25, ನಂತರ 30, ಆಮೇಲೆ 35 ದಾಳಿಗಳನ್ನು ಮುಗಿಸಿ ಊರಿಗೆ ಮರಳುತ್ತಿದ್ದರು, ಇಲ್ಲವೇ ಮರಳುತ್ತಲೇ ಇರಲಿಲ್ಲ. ನೆಲದ ಸಿಬ್ಬಂದಿ ಮಾತ್ರ ಯುದ್ಧ ಮುಗಿಯುವವರೆಗೂ ಸಾಮಾನ್ಯವಾಗಿ ಅದೇ ನೆಲೆಯಲ್ಲಿ ಉಳಿಯುತ್ತಿದ್ದರು. ನಿಮ್ಮ ಅತ್ತೆ ಹುಟ್ಟಿದಾಗಲೂ ಅವರು ಅಲ್ಲೇ ಇದ್ದಿರಬಹುದಾದ ಸಂಭವ ಇದರಿಂದ ಹೆಚ್ಚುತ್ತದೆ. ಇಂಪೀರಿಯಲ್ ವಾರ್ ಮ್ಯೂಸಿಯಂ ನಡೆಸುವ ಡಕ್ಸ್‌ಫರ್ಡ್‌ನ ಅಮೆರಿಕನ್ ಏರ್ ಮ್ಯೂಸಿಯಂನ ಜಾಲತಾಣದಲ್ಲಿ ದಳ, ನೆಲೆ ಮತ್ತು ವ್ಯಕ್ತಿಗಳ ಪಟ್ಟಿಗಳಿವೆ. ಸಂಭವನೀಯ ಸೋದರರ ಹೆಸರುಗಳನ್ನು ಅಲ್ಲಿ ಪರಿಶೀಲಿಸಿ.

ಫೋಟೋವನ್ನು ಹೆಚ್ಚು ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಮುಖಕ್ಕಿಂತ ತೋಳನ್ನು ನೋಡಿ. ನೀಲಿ ವೃತ್ತದಲ್ಲಿ ಚಿನ್ನದ ಬಣ್ಣದ ರೆಕ್ಕೆಯುಳ್ಳ 8ರ ಅಂಕಿ ಇದ್ದರೆ ಅದು ಎಂಟನೆಯ ವಾಯುಪಡೆ. ಎಡತೋಳಿನ ಕೆಳಭಾಗದಲ್ಲಿರುವ ಒಂದೊಂದು ಅಡ್ಡಪಟ್ಟಿ ಆರು ತಿಂಗಳ ವಿದೇಶ ಸೇವೆಯನ್ನು ಸೂಚಿಸುತ್ತದೆ. ಹಿಂಬದಿಯಲ್ಲಿ ಅಥವಾ ಹಳೆಯ ಲಕೋಟೆಯ ಮೇಲೆ ಎಂಟು ಅಂಕಿಗಳ ಸೇನಾ ಸಂಖ್ಯೆ ಇದ್ದರಂತೂ ನಿಮ್ಮ ಅರ್ಧ ಕೆಲಸ ಮುಗಿದಂತೆ: ಮೊದಲ ಅಂಕಿ 1 ಇದ್ದರೆ ಸ್ವಇಚ್ಛೆಯಿಂದ ಸೇರಿದವರು, 3 ಇದ್ದರೆ ಕಡ್ಡಾಯ ಭರ್ತಿಯವರು, ಎರಡನೆಯ ಅಂಕಿ ಸೇನೆಗೆ ಸೇರಿದ ಪ್ರದೇಶವನ್ನು ತಿಳಿಸುತ್ತದೆ. 32ರಿಂದ ಆರಂಭವಾಗುವ ಸಂಖ್ಯೆ ನ್ಯೂಯಾರ್ಕ್, ನ್ಯೂಜೆರ್ಸಿ, ಡೆಲವೇರ್ ಭಾಗದಲ್ಲಿ ಭರ್ತಿಯಾದವರದು.

ಜೋ ಎಂಬ ಹೆಸರನ್ನು ಮಾತ್ರ ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಅಲ್ಲ. ಅದು ನಡುಹೆಸರಾಗಿರಬಹುದು, ಗೆಳೆಯರು ಇಟ್ಟ ಅಡ್ಡಹೆಸರಾಗಿರಬಹುದು. ಹೆಸರಿನಿಂದಲೇ ಹುಡುಕಾಟ ಶುರು ಮಾಡಿ ವರ್ಷಗಟ್ಟಲೆ ತಪ್ಪು ಮನೆತನವನ್ನು ಹಿಂಬಾಲಿಸುವವರೇ ಹೆಚ್ಚು. ಪ್ರಮಾಣಪತ್ರದ ಖಾಲಿ ಜಾಗವನ್ನೂ ಅಜ್ಜಿ ಮುಚ್ಚಿಟ್ಟ ಗುಟ್ಟೆಂದು ಭಾವಿಸಬೇಕಿಲ್ಲ; ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾಗದ ತಂದೆಯ ಹೆಸರನ್ನು ದಾಖಲಿಸಬೇಕಾದರೆ ಸಾಮಾನ್ಯವಾಗಿ ಆತನೂ ತಾಯಿಯೊಂದಿಗೆ ಬಂದು ಸಹಿ ಹಾಕಬೇಕಾಗಿತ್ತು.

ಆ ಅಮೆರಿಕನ್ ಮಹಿಳೆಗೆ ಬರೆಯುವ ಮೊದಲ ಸಂದೇಶ ನಾಲ್ಕು ಸಾಲಿನದಾಗಿರಲಿ. ಹೊಂದಾಣಿಕೆ ಕಂಡಿದೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಅತ್ತೆಯವರ ಕಡೆಯ ಬಂಧುಗಳನ್ನು ಗುರುತಿಸುತ್ತಿದ್ದೇವೆ, ನಿಮ್ಮ ಅಜ್ಜ ಅಜ್ಜಿಯರ ಮನೆತನದ ಹೆಸರುಗಳನ್ನು ತಿಳಿಸಬಹುದೇ ಎಂದು ಕೇಳಿದರೆ ಸಾಕು. ಅದು ಸುಳ್ಳೂ ಅಲ್ಲ, ಅವರ ಸಂಸಾರದ ಮೇಲೆ ಹೊರಿಸುವ ಆರೋಪವೂ ಅಲ್ಲ. ಸೈನಿಕ ಯಾರೆಂದು ಖಚಿತವಾದ ಮೇಲೆ ಅವರ ಮಕ್ಕಳಿಗೆ ಬರೆಯುವಾಗ, ಹಣ ಆಸ್ತಿ ಯಾವುದನ್ನೂ ಅಪೇಕ್ಷಿಸುತ್ತಿಲ್ಲವೆಂದು ಮೊದಲ ಪ್ಯಾರಾದಲ್ಲೇ ಹೇಳಿ, ಫೋಟೋದ ಪ್ರತಿಯನ್ನು ಜೊತೆಗಿಡಿ. ಉತ್ತರ ಬಾರದಿದ್ದರೆ ಕೆಲವು ತಿಂಗಳ ನಂತರ ಇನ್ನೊಂದು ಬಾರಿ ಬರೆಯಬಹುದು. ಮೂರನೆಯ ಬಾರಿ ಬರೆಯುವುದು ಪೀಡನೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಕುಟುಂಬದಲ್ಲಿಯೂ ಇಂಥದೇ ಕಥೆ ಇದೆ, ಆದರೆ ಸೈನಿಕನ ಪೂರ್ತಿ ಹೆಸರು ನಮಗೆ ಗೊತ್ತು. ಅಮೆರಿಕಕ್ಕೆ ಅರ್ಜಿ ಹಾಕಿದಾಗ ಕಡತ ಸುಟ್ಟುಹೋಗಿದೆ ಎಂಬ ಉತ್ತರ ಬಂತು. ಇಲ್ಲಿಗೇ ಕೈಬಿಡಬೇಕೇ?

ಉತ್ತರ: ಕೈಬಿಡಬೇಕಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ಸುಮಾರು 160ರಿಂದ 180 ಲಕ್ಷ ಕಡತಗಳು ನಾಶವಾದವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಹೋದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯೂ ಸೇನೆಯ ಭಾಗವೇ ಆಗಿದ್ದರಿಂದ ಆ ಕಡತಗಳೂ ಇದರಲ್ಲಿ ಸೇರಿವೆ. ಆದರೆ ದಳಗಳ ದೈನಂದಿನ ವರದಿಗಳು ಉಳಿದಿವೆ, ಯಾರು ಬಂದರು, ಯಾರು ಆಸ್ಪತ್ರೆ ಸೇರಿದರು, ಯಾರು ವರ್ಗವಾದರು ಎಂಬುದು ಅವುಗಳಲ್ಲಿ ದಿನಾಂಕದೊಂದಿಗೆ ಸಿಗುತ್ತದೆ. ಸುಮಾರು 90 ಲಕ್ಷ ಸೈನಿಕರ ಭರ್ತಿ ವಿವರಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತವಾಗಿ ನೋಡಬಹುದು. ಕಡ್ಡಾಯ ಭರ್ತಿಯ ನೋಂದಣಿ ಕಾರ್ಡುಗಳು ನನಗೆ ಇವೆಲ್ಲಕ್ಕಿಂತ ಪ್ರಿಯವಾದವು: ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣವಷ್ಟೇ ಅಲ್ಲದೆ, ತನ್ನ ವಿಳಾಸ ಯಾವಾಗಲೂ ತಿಳಿದಿರುವ ಒಬ್ಬರ ಹೆಸರನ್ನು ಆ ಯುವಕ ಅಲ್ಲಿ ಬರೆಸಿರುತ್ತಾನೆ, ಹಲವು ಸಲ ಅದು ತಾಯಿಯ ಹೆಸರು. ಖಾಸಗಿತನದ ನೆಪದಿಂದ ಇಂತಹ ಮಾಹಿತಿಯನ್ನು ನಿರಾಕರಿಸುತ್ತಿದ್ದ ಕಾಲವೂ ಇತ್ತು. ಅಮೆರಿಕನ್ ಸೈನಿಕರಿಗೆ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳ ವಾರ್ ಬೇಬ್ಸ್ ಎಂಬ ಸಂಘ ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆ 1990ರಲ್ಲಿ ರಾಜಿಯಾದ ಮೇಲೆ ಆ ಬಾಗಿಲು ಸಡಿಲವಾಯಿತು. ಈಗ ಸೇವೆಯಿಂದ ಬಿಡುಗಡೆಯಾಗಿ 62 ವರ್ಷ ಕಳೆದವರ ಕಡತವನ್ನು ಯಾರು ಬೇಕಾದರೂ ಕೇಳಬಹುದು.

ಪ್ರಶ್ನೆ: ಅಜ್ಜ ಅಮೆರಿಕದವರೆಂದು ಸಾಬೀತಾದರೆ ನನ್ನ ತಾಯಿಗೆ ಅಲ್ಲಿನ ಪೌರತ್ವ ಸಿಗುತ್ತದೆಯೇ?

ಉತ್ತರ: ಆ ಆಸೆಯಿಂದ ಹುಡುಕಾಟಕ್ಕೆ ಇಳಿಯಬೇಡಿ. ಆಗ ಜಾರಿಯಲ್ಲಿದ್ದ 1940ರ ಅಮೆರಿಕದ ರಾಷ್ಟ್ರೀಯತಾ ಕಾಯ್ದೆಯಂತೆ, ಮದುವೆಯ ಹೊರಗೆ ಹುಟ್ಟಿದ ಮಗು ತಂದೆಯ ಮೂಲಕ ಪೌರತ್ವ ಪಡೆಯಬೇಕಿದ್ದರೆ, ಆ ಮಗು ಪ್ರಾಪ್ತ ವಯಸ್ಸಿಗೆ ಬರುವ ಮೊದಲೇ ತಂದೆತನ ಕಾನೂನುಬದ್ಧವಾಗಿ ಸ್ಥಾಪಿತವಾಗಿರಬೇಕಿತ್ತು. ಇಂದು ಡಿಎನ್‌ಎ ಫಲಿತಾಂಶ ತಂದು ತೋರಿಸಿದರೆ ಆ ಕೊರತೆ ತುಂಬುವುದಿಲ್ಲ. ಆ ಕಾಲದಲ್ಲಿಯೇ ಏನಾದರೂ ನ್ಯಾಯಾಲಯದ ಆದೇಶ ಆಗಿದ್ದರೆ ಮಾತ್ರ ವಲಸೆ ಕಾನೂನಿನ ವಕೀಲರನ್ನು ಕಾಣಿ.