ಬೀಸುಕಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಜಮಖಂಡಿಯ ಓದುಗರೊಬ್ಬರು ಕೇಳಿದ್ದಾರೆ: 'ಹಲಗಲಿ ಬೇಡರ ಲಾವಣಿಯನ್ನು ಅಚ್ಚಿಗೆ ತಂದವರೇ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ರೈಲು ತಂದವರೂ ಬ್ರಿಟಿಷರೇ. ಆದಿಲಶಾಹಿಗಳು, ಪೇಶ್ವೆಗಳು ಇವರಿಗಿಂತ ಒಳ್ಳೆಯವರಾಗಿದ್ದರೇ? ಇನ್ನೂ ಎಷ್ಟು ದಿನ ಬ್ರಿಟಿಷರನ್ನೇ ಬೈತೀರಿ?'

ಓದಿಕೊಂಡು ಬರೆದಿದ್ದೀರಿ, ಖುಷಿಯಾಯಿತು. ಫ್ಲೀಟರ ಋಣ ಇದೆ, ಒಪ್ಪಿದೆ. ನಮ್ಮ ಭಾಗದ ಶಾಸನ ಓದಿದರು. 1880ರ ದಶಕದಲ್ಲಿ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು, ಸಂಗೊಳ್ಳಿ ರಾಯಣ್ಣನದೂ ಅದರಲ್ಲಿತ್ತು. ಆದರೆ ಅಷ್ಟು ವರ್ಷ ಆ ಹಾಡನ್ನು ಬಾಯಲ್ಲಿ ಇಟ್ಟುಕೊಂಡು ಕಾಪಾಡಿದವರು ಯಾರು? ಅವರನ್ನು ಮರೆತಿರಲ್ಲ!

1857ರಲ್ಲಿ ಆಯುಧ ಒಪ್ಪಿಸಿ ಅಂತ ಬ್ರಿಟಿಷರ ಹುಕುಂ ಬಂತು. ಬೇಟೆಯನ್ನೇ ನಂಬಿದ, ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಮುಧೋಳದಲ್ಲೂ ಹಲಗಲಿಯಲ್ಲೂ ಜನರನ್ನು ಗಲ್ಲಿಗೇರಿಸಿದರು. ಸರ್ಕಾರಕ್ಕೆ ಅದು ಬರೀ ದಂಗೆ. ಲಾವಣಿಕಾರ ಮಾತ್ರ ಲೂಟಿಯಾದ ಮನೆಯೊಳಗೆ ಹೋಗಿ ಒಂದೊಂದೇ ಸಾಮಾನು ಎಣಿಸುತ್ತಾನೆ: ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಎರಡು ವರ್ಷದ ಹಿಂದೆ ಮುಧೋಳದ ಹತ್ತಿರ ಒಂದು ಜಾತ್ರೆಯಲ್ಲಿ ಇದನ್ನು ಕೇಳಿದೆ. ವಯಸ್ಸಾದ ಹಾಡುಗಾರ, ಕೈಯಲ್ಲಿ ದಪ್ಪು, ಹಿಂದೆ ತುಂತುಣಿ ಎಂಬ ಒಂಟಿ ತಂತಿಯ ವಾದ್ಯ ಹಿಡಿದ ಮೊಮ್ಮಗ. ಬೀಸುಕಲ್ಲಿನ ಮಾತು ಬಂದಾಗ ಮುಂದೆ ಕೂತಿದ್ದ ಅಜ್ಜಿ ಜೋರಾಗಿಯೇ ಕೇಳಿದಳು, 'ಬೀಸೂಕಲ್ಲೂ ಬಿಡಲಿಲ್ಲೇನೋ ಯಪ್ಪಾ?' ಹಾಡುಗಾರ ದಪ್ಪು ನಿಲ್ಲಿಸಿ, 'ಇಲ್ಲಬೇ' ಅಂದ. ನನಗೆ ಕಣ್ಣು ತುಂಬಿ ಬಂತು.

ನಾನು ಹುಡುಗನಿದ್ದಾಗ ಊರ ಹಿರಿಯರು 'ಸಾಹೇಬರ ಕಾಲದಾಗ ಶಿಸ್ತಿತ್ತು' ಅನ್ನುತ್ತಿದ್ದರು. ಆಮೇಲೆ ಎಲ್ಲ ಕೆಟ್ಟದ್ದಕ್ಕೂ ಬ್ರಿಟಿಷರೇ ಕಾರಣ ಅನ್ನುವ ಕಾಲ ಬಂತು. ಈಗ ನಿಮ್ಮಂಥವರು ಲಾಭ-ನಷ್ಟದ ಪಟ್ಟಿ ಹಿಡಿದಿದ್ದೀರಿ. ಹಿಡಿಯಿರಿ, ಬೇಡ ಅನ್ನಲ್ಲ. ರೈಲನ್ನು ಒಂದು ಕಡೆ ಬರೆದರೆ ಬೀಸುಕಲ್ಲನ್ನು ಇನ್ನೊಂದು ಕಡೆ ಬರೆಯಬೇಕು, ಅಲ್ವಾ? ಆದಿಲಶಾಹಿಗಳ ಲೆಕ್ಕಕ್ಕೂ ಇದೇ ನಿಯಮ. ವಿಜಯಪುರಕ್ಕೆ ಹೋದಾಗಲೆಲ್ಲ ಗೋಳಗುಮ್ಮಟದ ಕೆಳಗೆ ನಿಂತು ಕತ್ತೆತ್ತಿ ಬೆರಗಾಗುತ್ತೇನೆ, ಅಷ್ಟೆತ್ತರಕ್ಕೆ ಕಲ್ಲು ಹೊತ್ತವರ ಮನೆಯಲ್ಲಿ ಆ ಸಂಜೆ ಒಲೆ ಉರಿಯಿತೋ ಇಲ್ಲವೋ ಅಂತಲೂ ಅನ್ನಿಸುತ್ತದೆ.

ನನ್ನ ಸಿಟ್ಟು ನಿಜಕ್ಕೂ ನಮ್ಮ ಮೇಲೆಯೇ ಜಾಸ್ತಿ. 1956ರವರೆಗೆ ನಮ್ಮ ಭಾಗದ ಬಹುಪಾಲು ಮುಂಬೈ ಪ್ರಾಂತ್ಯ, ಮುಂಬೈ ರಾಜ್ಯ ಅಂತ ಇತ್ತು; ಜಮಖಂಡಿ, ಮುಧೋಳದಂಥ ಸಂಸ್ಥಾನಗಳು 1948ರಲ್ಲಿ ಅದಕ್ಕೆ ಸೇರಿದವು. ನಮ್ಮ ಹಳೇ ಕಾಗದಪತ್ರ ನೋಡಬೇಕೆಂದರೆ ಮುಂಬೈಗೋ ಲಂಡನ್ನಿಗೋ ಓಡಬೇಕು. ಹೋಗಲಿ, ಇಲ್ಲೇ ಕಣ್ಣೆದುರು ಇರುವ ಹಾಡುಗಾರರ ಹತ್ತಿರ ಯಾರು ಕೂತಿದ್ದಾರೆ? ಆ ಜಾತ್ರೆಯಲ್ಲಿ ಲಾವಣಿ ಅರ್ಧಕ್ಕೇ ನಿಂತಿತು, ಡಿಜೆ ಬಂದಿತ್ತು. ಹಾಡುಗಾರನಿಗೆ ಒಂದು ಶಾಲು ಹೊದಿಸಿ ಕಳಿಸಿದರು.

ಜಮಖಂಡಿಯಿಂದ ಹಲಗಲಿ ದೂರವೇನಲ್ಲ. ಒಂದು ಭಾನುವಾರ ಹೋಗಿ ಬನ್ನಿ. ಹಾಡುವವರು ಸಿಕ್ಕರೆ ಪೂರ್ತಿ ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು ಕಳಿಸಿ. ಹಾಡಿದವರ ಹೆಸರು ಮೇಲೆ, ನಿಮ್ಮ ಹೆಸರು ಕೆಳಗೆ ಹಾಕಿ ಅಚ್ಚು ಮಾಡುತ್ತೇವೆ.

– ಸಂ.